ಅದಿರು ಲಾರಿಯ ಹಿಂಬದಿ ಸಸ್ಪೆನ್ಷನ್: ಸಂಡೂರು–ತೋರಣಗಲ್ಲು ಪ್ರದೇಶ

ಲಾರಿಯ ಚಾಸಿಗೂ ಹಿಂದಿನ ಅಚ್ಚುಗಳಿಗೂ ನಡುವೆ ಇದ್ದು ಹೊರೆಯನ್ನು ಹೊರುವ, ರಸ್ತೆಯ ಏಟನ್ನು ತಗ್ಗಿಸುವ, ಎಂಜಿನ್ನಿನ ಎಳೆತವನ್ನೂ ಬ್ರೇಕಿನ ಬಲವನ್ನೂ ಚಾಸಿಗೆ ಮುಟ್ಟಿಸುವ ಭಾಗಗಳ ಜೋಡಣೆಗೆ ಹಿಂಬದಿ ಸಸ್ಪೆನ್ಷನ್ ಎನ್ನುತ್ತಾರೆ. ಕಮಾನು ಪಟ್ಟಿಗಳ ಕಟ್ಟು, ಯು-ಬೋಲ್ಟ್, ಪಟ್ಟಿಯ ತುದಿಯನ್ನು ಚಾಸಿಗೆ ಕೂಡಿಸುವ ಆಡುಕೊಂಡಿಯಾದ ಶ್ಯಾಕಲ್, ಬುಷ್, ಟಾರ್ಕ್ ರಾಡ್, ಬೋಗಿಯ ಬ್ರಾಕೆಟ್ ಇವೆಲ್ಲ ಅದರ ಅಂಗಗಳು. ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ಬೆಟ್ಟಗಳಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೂ ಹೊಸಪೇಟೆ ಸುತ್ತಿನ ರೈಲು ಸೈಡಿಂಗುಗಳಿಗೂ ಕಬ್ಬಿಣದ ಅದಿರು ಸಾಗಿಸುವ ಲಾರಿ, ಟಿಪ್ಪರ್‌ಗಳಲ್ಲಿ ಈ ಜೋಡಣೆ ಪಡುವಷ್ಟು ಪಾಡನ್ನು ನಾಡಿನ ಇತರ ಕಡೆಯ ಸರಕು ವಾಹನಗಳು ಪಡುವುದು ಕಡಿಮೆ. ಹೊರೆ ಭಾರ, ಇಳಿಜಾರು ಕಡಿದು, ಧೂಳು ಒರಟು, ಪ್ರಯಾಣದ ಅರ್ಧ ಭಾಗ ಬರಿಗಾಡಿ. ಈ ನಾಲ್ಕು ಸಂಗತಿಗಳೂ ಒಟ್ಟಿಗೆ ಸೇರುವುದರಿಂದ ಇಲ್ಲಿ ಸಸ್ಪೆನ್ಷನ್‌ನ ವಿನ್ಯಾಸ ಲಾರಿ ಮಾಲೀಕನೊಬ್ಬನ ಲೆಕ್ಕಾಚಾರದಲ್ಲಿ ಮುಗಿಯುವುದಿಲ್ಲ. ರಸ್ತೆ, ಊರು, ಚಾಲಕನ ಆರೋಗ್ಯ ಎಲ್ಲವೂ ಅದರ ಮೇಲೆ ನಿಂತಿವೆ.

ಪ್ರದೇಶ ಮತ್ತು ಹೊರೆ

ಸಂಡೂರಿನ ಬೆಟ್ಟಸಾಲು ಧಾರವಾಡ ಶಿಲಾಸ್ತೋಮಕ್ಕೆ ಸೇರಿದ್ದು. ಬಳ್ಳಾರಿ ಜಿಲ್ಲೆಯ ಭೂರಚನೆಯ ಬಗ್ಗೆ ರಾಬರ್ಟ್ ಬ್ರೂಸ್ ಫೂಟ್ ಬರೆದ ಗ್ರಂಥ 1895ರದು. 20ನೇ ಶತಮಾನದ ಮೊದಲ ದಶಕಗಳಿಂದ ಇಲ್ಲಿ ಮ್ಯಾಂಗನೀಸ್ ತೆಗೆಯಲಾಗುತ್ತಿತ್ತು. 1954ರಲ್ಲಿ ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಸಂಸ್ಥೆ ಹುಟ್ಟಿತು. ಸಾರ್ವಜನಿಕ ವಲಯದ ಎನ್‌ಎಂಡಿಸಿಯ ದೋಣಿಮಲೈ ಗಣಿ 1977ರಲ್ಲಿ ಕೆಲಸ ಆರಂಭಿಸಿತು. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ 1971ರಲ್ಲೇ ಪ್ರಧಾನಿ ಇಂದಿರಾ ಗಾಂಧಿ ಅಡಿಗಲ್ಲು ಹಾಕಿದ್ದರೂ ಕಾರ್ಖಾನೆ ಮೇಲೆದ್ದದ್ದು 1994ರಲ್ಲಿ ಸ್ಥಾಪನೆಯಾದ ಜಿಂದಾಲ್ ವಿಜಯನಗರ ಸ್ಟೀಲ್‌ನಿಂದ, ಅಂದರೆ ಇಂದಿನ ಜೆಎಸ್‌ಡಬ್ಲ್ಯುನಿಂದ.

ಇಲ್ಲಿನ ಅದಿರು ಬಹುಪಾಲು ಹೆಮಟೈಟ್. ಅದರ ಸಾಂದ್ರತೆ ನೀರಿನ ಐದು ಪಟ್ಟಿಗಿಂತ ತುಸು ಹೆಚ್ಚು. ಒಡೆದು ಸಡಿಲವಾಗಿ ತುಂಬಿದಾಗಲೂ ಒಂದು ಘನ ಮೀಟರ್ ಎರಡೂವರೆ ಟನ್ ಆಸುಪಾಸು ತೂಗುತ್ತದೆ. ಇದೇ ಜಾಗದಲ್ಲಿ ಕಲ್ಲಿದ್ದಲು ಒಂದು ಟನ್ನನ್ನೂ ಮುಟ್ಟುವುದಿಲ್ಲ. ಹೀಗಾಗಿ 14 ಘನ ಮೀಟರ್ ಹಿಡಿಯುವ ಟಿಪ್ಪರ್ ಡಬ್ಬದಲ್ಲಿ 16 ಟನ್ ಅದಿರು ಹಾಕಿದರೆ ಅರ್ಧ ಡಬ್ಬವೂ ತುಂಬದು. ಅಂಚಿನವರೆಗೆ ತುಂಬಿದರೆ 35 ಟನ್ ಆಗುತ್ತದೆ. ಕಣ್ಣಿಗೆ ಖಾಲಿ ಕಾಣುವ ಲಾರಿ ಕಾನೂನಿನ ತೂಕವನ್ನು ಆಗಲೇ ಮುಟ್ಟಿರುತ್ತದೆ. ಲೋಡರ್ ಇನ್ನೊಂದು ಬಕೆಟ್ ಸುರಿದರೆ ಆ ಹೆಚ್ಚಳ ಮೊದಲು ಕಾಣಿಸಿಕೊಳ್ಳುವುದು ಹಿಂದಿನ ಕಮಾನು ಪಟ್ಟಿಯಲ್ಲಿ.

ಗಣಿಗಳು ಬೆಟ್ಟದ ಮೇಲಿವೆ. ಕಾರ್ಖಾನೆ, ಸೈಡಿಂಗು, ಹೆದ್ದಾರಿ ಕೆಳಗಿವೆ. ತುಂಬಿದ ಲಾರಿ ಇಳಿಯುತ್ತದೆ, ಬರಿಗಾಡಿ ಏರುತ್ತದೆ. ಭಾರತದ ಗಣಿದಾರಿಗಳಲ್ಲಿ ಏರಿನ ಪ್ರಮಾಣವನ್ನು ಸಾಮಾನ್ಯವಾಗಿ 16 ಅಡಿಗೆ 1 ಅಡಿಯ ಮಿತಿಯೊಳಗೆ ಇಟ್ಟುಕೊಳ್ಳುತ್ತಾರೆ. ಹೊರೆ ಹೊತ್ತು ಇಳಿಯುವಾಗ ಬ್ರೇಕಿನ ಕೆಲಸ ಹೆಚ್ಚು. ಆ ಬಲವೆಲ್ಲ ಸಸ್ಪೆನ್ಷನ್ ಮೂಲಕವೇ ಹಾದು ಚಾಸಿಗೆ ಹೋಗಬೇಕು.

ಬಂಡಿಯಿಂದ ಬಹು ಅಚ್ಚಿನ ಲಾರಿಗೆ

ಈ ಸೀಮೆಯ ಎತ್ತಿನ ಬಂಡಿಗೆ ಸ್ಪ್ರಿಂಗ್ ಇರಲಿಲ್ಲ. ಮರದ ಚಕ್ರ, ಕಬ್ಬಿಣದ ಪಟ್ಟೆ, ನೇರವಾಗಿ ಅಚ್ಚಿನ ಮೇಲೆ ಕೂತ ಪಾರು. ನಡಿಗೆಯ ವೇಗದಲ್ಲಿ ಅಷ್ಟು ಸಾಕಾಗುತ್ತಿತ್ತು. ಮುಂದೆ ಬಂದ ಟೈರ್ ಬಂಡಿಯಲ್ಲಿ ಗಾಳಿ ತುಂಬಿದ ಟೈರೇ ಸ್ಪ್ರಿಂಗ್‌ನ ಕೆಲಸ ಮಾಡಿತು. ಜನರನ್ನು ಕೂರಿಸಿಕೊಂಡು ಓಡಬೇಕಾದ ಜಟಕಾಗೆ ಮಾತ್ರ ಉಕ್ಕಿನ ಕಮಾನು ಬೇಕಾಯಿತು. ಲಾರಿ ಬಂದಾಗ ಅದೇ ಕಮಾನನ್ನು ಹಿಗ್ಗಿಸಿ, ಪಟ್ಟಿಗಳ ಸಂಖ್ಯೆ ಏರಿಸಿ ಬಳಸಲಾಯಿತು.

ಜಮ್‌ಶೆಡ್‌ಪುರದಲ್ಲಿ 1954ರಿಂದ ತಯಾರಾದ ಟಾಟಾ–ಮರ್ಸಿಡೀಸ್ ಲಾರಿಗಳೂ ಅಶೋಕ್ ಲೇಲ್ಯಾಂಡ್ ಲಾರಿಗಳೂ ಹಲವು ದಶಕ ಎರಡು ಅಚ್ಚಿನ, ಆರು ಗಾಲಿಯ ವಾಹನಗಳಾಗಿದ್ದವು. 1990ರ ದಶಕದ ಹೊತ್ತಿಗೆ ಹಿಂದೆ ಜೋಡಿ ಅಚ್ಚಿರುವ ಹತ್ತು ಗಾಲಿಯ ಲಾರಿಗಳು ಹೆಚ್ಚಿದವು. ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ 1998ರಿಂದ ವೋಲ್ವೊ ಲಾರಿಗಳು ಜೋಡಣೆಯಾಗತೊಡಗಿದವು. 2012ರಲ್ಲಿ ಭಾರತ್‌ಬೆಂಜ್ ಮಾರುಕಟ್ಟೆಗೆ ಬಂತು. ಇಂದು ಹನ್ನೆರಡು, ಹದಿನಾಲ್ಕು ಗಾಲಿಯ ವಾಹನಗಳೂ ಇಲ್ಲಿನ ರಸ್ತೆಯಲ್ಲಿ ಓಡಾಡುತ್ತವೆ. ಅಚ್ಚು ಹೆಚ್ಚಿದಂತೆ ಹಿಂಬದಿ ಸಸ್ಪೆನ್ಷನ್‌ಗೆ ಹೊಸದೊಂದು ಕೆಲಸ ಸೇರಿತು: ಹೊರೆಯನ್ನು ಅಚ್ಚುಗಳ ನಡುವೆ ಸಮನಾಗಿ ಹಂಚುವುದು.

ಮೂಲ ತತ್ವ

ಸ್ಪ್ರಿಂಗ್ ತನ್ನ ಮೇಲಿನ ಹೊರೆಗೆ ತಕ್ಕಷ್ಟು ಕುಸಿಯುತ್ತದೆ. ಹೊರೆ ಎರಡರಷ್ಟಾದರೆ ಕುಸಿತವೂ ಎರಡರಷ್ಟು. ಆದ್ದರಿಂದ ಪ್ರತಿಯೊಂದು ಸ್ಪ್ರಿಂಗೂ ಒಂದು ತೂಕದ ಸಾಧನ. ಕುಸಿತ ಎಷ್ಟು ಎಂಬುದು ಗೊತ್ತಾದರೆ ವಾಹನ ಎಷ್ಟು ಮೃದುವಾಗಿ ಓಡುತ್ತದೆ ಎಂಬುದೂ ತಿಳಿಯುತ್ತದೆ. ತುಂಬಿದ ಲಾರಿಯ ಸ್ಪ್ರಿಂಗ್ 100 ಮಿ.ಮೀ. ಕುಸಿದಿದ್ದರೆ ಅದರ ಮೇಲಿನ ಭಾಗ ಸೆಕೆಂಡಿಗೆ ಸುಮಾರು ಒಂದೂವರೆ ಸಲ ಮೇಲೆ ಕೆಳಗೆ ಆಡುತ್ತದೆ. ಅದೇ ಸ್ಪ್ರಿಂಗ್ ಖಾಲಿ ಇದ್ದಾಗ 25 ಮಿ.ಮೀ. ಮಾತ್ರ ಕುಸಿದಿದ್ದರೆ ಆಟ ಸೆಕೆಂಡಿಗೆ ಮೂರು ಸಲಕ್ಕೂ ಮಿಗುತ್ತದೆ. ಬರಿಗಾಡಿ ಎತ್ತಿ ಹಾಕುವುದು ಇದೇ ಕಾರಣಕ್ಕೆ.

ವಿನ್ಯಾಸಕಾರನ ಕಷ್ಟ ಇರುವುದು ಇಲ್ಲೇ. ಒಟ್ಟು 25 ಟನ್ನಿನ ಮೂರು ಅಚ್ಚಿನ ಲಾರಿಯಲ್ಲಿ ಮುಂದಿನ ಅಚ್ಚಿಗೆ 6 ಟನ್, ಹಿಂದಿನ ಜೋಡಿಗೆ 19 ಟನ್ ಎಂಬುದು ಬಹುಕಾಲದ ಲೆಕ್ಕವಾಗಿತ್ತು. ಖಾಲಿಯಾದಾಗ ಆ ಜೋಡಿಯ ಮೇಲೆ ಉಳಿಯುವುದು ಐದಾರು ಟನ್. ಮುಂದಿನ ಅಚ್ಚಿನ ಹೊರೆ ಅಷ್ಟೊಂದು ಬದಲಾಗುವುದಿಲ್ಲ. ಹಿಂದಿನದು ಮೂರು ಪಟ್ಟು ಏರುತ್ತದೆ, ಇಳಿಯುತ್ತದೆ. ತುಂಬಿದ ಹೊರೆಗೆ ಹೊಂದುವ ಸ್ಪ್ರಿಂಗ್ ಬರಿಗಾಡಿಗೆ ಕಲ್ಲಿನಂತಾಗುತ್ತದೆ. ಬರಿಗಾಡಿಗೆ ಹಿತವಾದದ್ದು ಹೊರೆ ಬಿದ್ದೊಡನೆ ತಳ ಮುಟ್ಟುತ್ತದೆ. ಇದಕ್ಕೆ ಹಳೆಯ ಪರಿಹಾರ ಹೆಲ್ಪರ್ ಸ್ಪ್ರಿಂಗ್. ಮುಖ್ಯ ಕಟ್ಟಿನ ಮೇಲೆ ಇನ್ನೊಂದು ಚಿಕ್ಕ ಕಟ್ಟನ್ನು ಕೂರಿಸಿ, ಅದರ ತುದಿಗಳಿಗೂ ಚಾಸಿಯ ಬ್ರಾಕೆಟ್ಟಿಗೂ ನಡುವೆ ಸಂದು ಬಿಡುತ್ತಾರೆ. ಖಾಲಿ ಇದ್ದಾಗ ಮುಖ್ಯ ಕಟ್ಟೊಂದೇ ದುಡಿಯುತ್ತದೆ. ಹೊರೆ ಬಿದ್ದು ಚಾಸಿ ಇಳಿದಾಗ ಸಂದು ಮುಚ್ಚಿ ಹೆಲ್ಪರ್ ಕೂಡ ಹೊರಲು ಸೇರುತ್ತದೆ.

ಕಮಾನು ಪಟ್ಟಿಯ ರಚನೆ

ಲಾರಿಯ ಹಿಂಬದಿಯಲ್ಲಿ ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು ಕಮಾನು ಪಟ್ಟಿ. ಸಿಲಿಕಾನ್ ಅಥವಾ ಕ್ರೋಮಿಯಂ ಬೆರೆಸಿದ ಸ್ಪ್ರಿಂಗ್ ಉಕ್ಕಿನ ಪಟ್ಟಿಗಳನ್ನು ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ಅದ್ದಿ ಗಡಸು ಮಾಡಿ, ಮತ್ತೆ ಹದವಾಗಿ ಕಾಯಿಸಿ ಪೆಡಸುತನ ತೆಗೆಯುತ್ತಾರೆ. ಬಳಿಕ ಎಳೆತಕ್ಕೆ ಒಳಗಾಗುವ ಮೈ ಮೇಲೆ ಸಣ್ಣ ಉಕ್ಕಿನ ಗುಂಡುಗಳನ್ನು ಜೋರಾಗಿ ಸಿಡಿಸುತ್ತಾರೆ. ಮೇಲ್ಮೈ ಬಿಗಿದುಕೊಂಡು ಬಿರುಕು ಹುಟ್ಟುವುದು ತಡವಾಗುತ್ತದೆ. ಪಟ್ಟಿಯ ಅಗಲ ಸಾಮಾನ್ಯವಾಗಿ 70ರಿಂದ 100 ಮಿ.ಮೀ. ಇರುತ್ತದೆ. ಉದ್ದದ ಪಟ್ಟಿ ಒಂದು ಕಡೆ, ಅದರ ಬೆನ್ನಿಗೆ ಒಂದಕ್ಕಿಂತ ಒಂದು ಗಿಡ್ಡವಾದ ಪಟ್ಟಿಗಳು. ಎಲ್ಲವನ್ನೂ ಸೆಂಟರ್ ಬೋಲ್ಟ್ ಪೋಣಿಸಿ, ಯು-ಬೋಲ್ಟ್‌ಗಳು ಅಚ್ಚಿನ ಹೌಸಿಂಗ್‌ಗೆ ಬಿಗಿಯುತ್ತವೆ.

ಕಟ್ಟಿನ ಬಿಗಿತವನ್ನು ನಿರ್ಧರಿಸುವುದು ಪಟ್ಟಿಗಳ ಸಂಖ್ಯೆ, ಅಗಲ, ದಪ್ಪ ಮತ್ತು ಉದ್ದ. ಸಂಖ್ಯೆ ಮತ್ತು ಅಗಲ ಏರಿದಷ್ಟೇ ಬಿಗಿತ ಏರುತ್ತದೆ. ದಪ್ಪದ ಪ್ರಭಾವ ಅದರ ಘನಕ್ಕೆ ತಕ್ಕಂತೆ. 12 ಮಿ.ಮೀ. ಪಟ್ಟಿಯ ಜಾಗದಲ್ಲಿ 14 ಮಿ.ಮೀ. ಹಾಕಿದರೆ ಬಿಗಿತ ಸುಮಾರು 59 ಶೇಕಡಾ ಏರುತ್ತದೆ. ಒಂಬತ್ತು ಪಟ್ಟಿಯ ಕಟ್ಟಿಗೆ ಅದೇ ದಪ್ಪದ ಎರಡು ಸೇರಿಸಿದರೆ 22 ಶೇಕಡಾ. ಉದ್ದ ಹೆಚ್ಚಿದರೆ ಬಿಗಿತ ಅದರ ಘನದ ಪ್ರಮಾಣದಲ್ಲಿ ಇಳಿಯುತ್ತದೆ. ಗ್ಯಾರೇಜಿನಲ್ಲಿ ಅಳತೆ ನೋಡದೆ ಸಿಕ್ಕ ಪಟ್ಟಿ ತುರುಕಿದಾಗ ಎಡಬಲ ಕಟ್ಟುಗಳ ಬಿಗಿತ ಬೇರೆಬೇರೆಯಾಗಿ ಲಾರಿ ಒಂದು ಮಗ್ಗುಲಿಗೆ ವಾಲುವುದು ಈ ಲೆಕ್ಕದ ಫಲ.

ಹಲವು ಪಟ್ಟಿಯ ಕಟ್ಟಿಗೆ ಇನ್ನೊಂದು ಗುಣವಿದೆ. ಕಟ್ಟು ಬಾಗುವಾಗ ಪಟ್ಟಿಗಳು ಒಂದರ ಮೇಲೊಂದು ಉಜ್ಜಿಕೊಂಡು ಆಟವನ್ನು ತಾವೇ ತಣಿಸುತ್ತವೆ. ಅನೇಕ ಭಾರಿ ಲಾರಿಗಳ ಹಿಂಬದಿಯಲ್ಲಿ ಶಾಕ್ ಅಬ್ಸಾರ್ಬರ್ ಇಲ್ಲದಿದ್ದರೂ ನಡೆಯುವುದು ಈ ಉಜ್ಜುವಿಕೆಯಿಂದ. ಆದರೆ ಅದು ಹತೋಟಿಗೆ ಸಿಗುವ ಬಗೆಯದಲ್ಲ: ತುಕ್ಕು ಹಿಡಿದರೆ ಕಟ್ಟು ಬಿಗಿದು ಒಂದೇ ದಿಮ್ಮಿಯಂತಾಗುತ್ತದೆ. ಪ್ಯಾರಾಬೋಲಿಕ್ ಸ್ಪ್ರಿಂಗ್ ಇದಕ್ಕೆ ಬಂದ ಉತ್ತರ. ನಡುವೆ ದಪ್ಪಗಿದ್ದು ತುದಿಗೆ ತೆಳ್ಳಗಾಗುವ ಎರಡು ಮೂರು ಪಟ್ಟಿಗಳು ನಡುವಿನಲ್ಲೂ ತುದಿಯಲ್ಲೂ ಮಾತ್ರ ತಾಗುತ್ತವೆ. ತೂಕ ಕಡಿಮೆ, ಸವಾರಿ ಮೃದು, ಶಾಕ್ ಅಬ್ಸಾರ್ಬರ್ ಮಾತ್ರ ಕಡ್ಡಾಯ. ಹೆದ್ದಾರಿಯ ಸರಕು ಲಾರಿಗಳಲ್ಲಿ ಇದು ಹರಡಿದೆ. ಗಣಿಯ ಟಿಪ್ಪರ್‌ಗಳಲ್ಲಿ ಹಲವು ಪಟ್ಟಿಯ ಕಟ್ಟೇ ನಿಂತಿದೆ, ಏಕೆಂದರೆ ಒಂದು ಪಟ್ಟಿ ಮುರಿದರೂ ಉಳಿದವು ಲಾರಿಯನ್ನು ಗ್ಯಾರೇಜಿನವರೆಗೆ ಹೊತ್ತು ತರುತ್ತವೆ.

ಜೋಡಿ ಅಚ್ಚು ಮತ್ತು ಬೋಗಿ

ಎರಡು ಹಿಂದಿನ ಅಚ್ಚುಗಳಿಗೆ ಬೇರೆಬೇರೆ ಸ್ಪ್ರಿಂಗ್ ಹಾಕಿ ಬಿಟ್ಟರೆ, ಒಂದು ಅಚ್ಚು ದಿಬ್ಬ ಹತ್ತಿದಾಗ ಹೊರೆಯೆಲ್ಲ ಅದರ ಮೇಲೇ ಬೀಳುತ್ತದೆ. ಇದನ್ನು ತಪ್ಪಿಸಲು ಬೋಗಿ ಬಂತು. ಅಮೆರಿಕದ ಹೆಂಡ್ರಿಕ್ಸನ್ ಕಂಪನಿ 1926ರಲ್ಲಿ ಎರಡು ಅಚ್ಚುಗಳನ್ನು ಒಂದು ತೊಲೆಯ ಎರಡು ತುದಿಗೆ ಜೋಡಿಸಿ, ನಡುವನ್ನು ಚಾಸಿಗೆ ತಿರುಗುವಂತೆ ಕೂರಿಸಿತು. ತಕ್ಕಡಿಯ ದಂಡಿಯಂತೆ ಒಂದು ತುದಿ ಏರಿದರೆ ಇನ್ನೊಂದು ಇಳಿದು ಎರಡರ ಹೊರೆಯೂ ಸಮವಾಗುತ್ತದೆ.

ಭಾರತದ ಟಿಪ್ಪರ್‌ಗಳಲ್ಲಿ ಇದೇ ತತ್ವವನ್ನು ಕಮಾನು ಪಟ್ಟಿಯಿಂದಲೇ ಸಾಧಿಸುತ್ತಾರೆ. ದಪ್ಪ ಪಟ್ಟಿಗಳ ಕಟ್ಟನ್ನು ತಲೆಕೆಳಗಾಗಿ ಕೂರಿಸಿ, ಅದರ ನಡುವನ್ನು ಚಾಸಿಯ ಕೆಳಗಿನ ಟ್ರನಿಯನ್ ಬ್ರಾಕೆಟ್ಟಿಗೆ ಬಿಗಿದು, ಎರಡು ತುದಿಗಳನ್ನು ಎರಡು ಅಚ್ಚುಗಳ ಮೇಲೆ ಇಡುತ್ತಾರೆ. ತುದಿಗಳು ಜಾರಲು ಬಿಡುವಿರುತ್ತದೆ. ಹಾಗಾಗಿ ಅಚ್ಚನ್ನು ಹಿಂದೆ ಮುಂದೆ ಹಿಡಿದಿಡುವ ಕೆಲಸ ಪಟ್ಟಿಗಳದ್ದಾಗದೆ ಟಾರ್ಕ್ ರಾಡ್‌ಗಳದ್ದಾಗುತ್ತದೆ. ಮೇಲೆ ಕೆಳಗೆ ಸೇರಿ ಸಾಮಾನ್ಯವಾಗಿ ಆರು ರಾಡ್‌ಗಳು, ಪ್ರತಿ ತುದಿಗೂ ರಬ್ಬರ್ ಬುಷ್.

ಟಾರ್ಕ್ ರಾಡ್‌ನ ಬೆಲೆ ತಿಳಿಯುವುದು ಇಳಿಜಾರಿನಲ್ಲಿ. ರಾಡ್ ಇಲ್ಲದ ಸಾದಾ ಕಟ್ಟಿನಲ್ಲಿ ಬ್ರೇಕ್ ಒತ್ತಿದಾಗ ಅಚ್ಚಿನ ಹೌಸಿಂಗ್ ತಿರುಗಲು ನೋಡುತ್ತದೆ. ಪಟ್ಟಿ ಎಸ್ ಆಕಾರಕ್ಕೆ ತಿರುಚಿಕೊಳ್ಳುತ್ತದೆ. ಬ್ರೇಕ್ ಬಿಟ್ಟಾಗ ಹಿಂದಿರುಗುತ್ತದೆ. ಬೆಟ್ಟದಿಂದ ಇಳಿಯುವ ಪ್ರತಿ ಸುತ್ತಿನಲ್ಲೂ ಇದು ನೂರಾರು ಸಲ ನಡೆದರೆ ಪಟ್ಟಿ ದಣಿಯುತ್ತದೆ. ರಾಡ್‌ಗಳು ಆ ತಿರುಚನ್ನು ತಾವು ಹೊತ್ತು ಪಟ್ಟಿಗೆ ಹೊರುವ ಕೆಲಸವೊಂದನ್ನೇ ಉಳಿಸುತ್ತವೆ. ರಾಡಿನ ಬುಷ್ ಸವೆದು ಸಡಿಲವಾದರೆ ಅಚ್ಚುಗಳು ಸಮಾನಾಂತರ ಕಳೆದುಕೊಂಡು ಟೈರು ಒಂದೇ ಬದಿಗೆ ತೇಯುತ್ತದೆ.

ಟಿಪ್ಪರ್‌ಗೆ ಇನ್ನೊಂದು ಷರತ್ತಿದೆ. ಡಬ್ಬ ಎತ್ತಿದಾಗ ಹೊರೆಯ ಭಾರಕೇಂದ್ರ ಮೇಲೇರುತ್ತದೆ, ಹೊರೆ ಪೂರ್ತಿ ಹಿಂದಿನ ಅಚ್ಚುಗಳಿಗೆ ಸರಿಯುತ್ತದೆ. ನೆಲ ಸಮವಿಲ್ಲದಿದ್ದರೆ ತಗ್ಗಿನ ಬದಿಯ ಸ್ಪ್ರಿಂಗ್ ಹೆಚ್ಚು ಕುಸಿದು ವಾಲಿಕೆ ಇನ್ನೂ ಬೆಳೆಯುತ್ತದೆ. ಮಳೆಗಾಲದಲ್ಲಿ ಒದ್ದೆ ಪುಡಿ ಅದಿರು ಡಬ್ಬದ ಒಂದು ಬದಿಗೆ ಅಂಟಿಕೊಂಡರಂತೂ ಲಾರಿ ಉರುಳುವ ಭಯ ನಿಜ. ಟಿಪ್ಪರ್ ಸಸ್ಪೆನ್ಷನ್ ಸರಕು ಲಾರಿಗಿಂತ ಬಿಗಿಯಾಗಿರುವುದು ಈ ಭದ್ರತೆಗಾಗಿ. ಅದರ ಬೆಲೆಯನ್ನು ಬರಿಗಾಡಿಯ ಕುಲುಕಾಟದ ರೂಪದಲ್ಲಿ ಚಾಲಕ ತೆರುತ್ತಾನೆ.

ಗಣಿಯೊಳಗಿನ ಡಂಪರ್ ಮತ್ತು ಕ್ರಾಲರ್

ಸಾರ್ವಜನಿಕ ರಸ್ತೆಗೆ ಇಳಿಯದ ದೊಡ್ಡ ಡಂಪರ್‌ಗಳಲ್ಲಿ ಕಮಾನು ಪಟ್ಟಿ ಇಲ್ಲ. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ತನ್ನ ಮೈಸೂರು ಘಟಕದಲ್ಲಿ ತಯಾರಿಸುವ ಡಂಪರ್‌ಗಳೂ ಸೇರಿದಂತೆ ಈ ವರ್ಗದ ವಾಹನಗಳಲ್ಲಿ ನೈಟ್ರೋಜನ್ ಅನಿಲ ಮತ್ತು ಎಣ್ಣೆ ತುಂಬಿದ ಸಿಲಿಂಡರ್‌ಗಳು ಸ್ಪ್ರಿಂಗ್‌ನ ಕೆಲಸ ಮಾಡುತ್ತವೆ. ಹೊರೆ ಏರಿದಂತೆ ಅನಿಲ ಒತ್ತಿಕೊಂಡು ತಾನಾಗಿ ಬಿಗಿಯಾಗುತ್ತದೆ. ಎಣ್ಣೆ ಸಣ್ಣ ರಂಧ್ರಗಳ ಮೂಲಕ ಹರಿದು ಕುಲುಕನ್ನು ತಣಿಸುತ್ತದೆ. ಬರಿಗಾಡಿ ಮೃದು, ತುಂಬಿದ ಗಾಡಿ ಗಟ್ಟಿ. ಕಮಾನು ಪಟ್ಟಿ ಹೆಲ್ಪರ್ ಇಟ್ಟು ಅರ್ಧಂಬರ್ಧ ಸಾಧಿಸುವುದನ್ನು ಇದು ಒಂದೇ ಸಿಲಿಂಡರಿನಲ್ಲಿ ಮಾಡುತ್ತದೆ. ಇಂಥ ದೊಡ್ಡ ಡಂಪರ್‌ಗಳಲ್ಲಿ ಸಿಲಿಂಡರಿನ ಒತ್ತಡವನ್ನು ಅಳೆದು ಹೊರೆ ಎಷ್ಟೆಂದು ಚಾಲಕನಿಗೂ ಲೋಡರ್‌ನವನಿಗೂ ತೋರಿಸುವ ವ್ಯವಸ್ಥೆ ಇರುತ್ತದೆ. ತುಂಬುತ್ತಿರುವಾಗಲೇ ಮಿತಿ ಮುಟ್ಟಿದ್ದು ತಿಳಿಯುತ್ತದೆ. ರಸ್ತೆಗಿಳಿಯುವ ಟಿಪ್ಪರ್‌ಗಳಿಗೂ ಇದು ಬರಬೇಕಾದದ್ದು ನ್ಯಾಯ.

ಸರಪಳಿ ಪಟ್ಟೆಯ ಮೇಲೆ ಓಡುವ ಯಂತ್ರಗಳದ್ದು ಬೇರೆಯೇ ದಾರಿ. ಎಕ್ಸ್‌ಕವೇಟರ್‌ಗೆ ಸಸ್ಪೆನ್ಷನ್ ಇಲ್ಲವೆಂದೇ ಹೇಳಬೇಕು. ನಿಂತಲ್ಲಿ ಅಗೆಯುವ ಯಂತ್ರಕ್ಕೆ ಅಲುಗಾಟ ಬೇಡ. ಡೋಜರ್‌ನಲ್ಲಿ ಎಡಬಲ ಪಟ್ಟೆಗಳ ಚೌಕಟ್ಟು ಹಿಂದೆ ಒಂದು ಅಡ್ಡ ಶಾಫ್ಟಿನ ಮೇಲೆ ತೂಗುತ್ತದೆ, ಮುಂದೆ ಸಮತೋಲನದ ಅಡ್ಡಪಟ್ಟಿ ಎರಡನ್ನೂ ಕೂಡಿಸುತ್ತದೆ. ಇದೇ ಪಟ್ಟೆಯ ತತ್ವ ತೀರ ಹಗುರವಾದ ರೂಪದಲ್ಲಿ ಕಾಣುವುದು ಹಿಮದ ನಾಡುಗಳ ಸ್ನೋಮೊಬೈಲ್‌ನಲ್ಲಿ. ಕೆನಡಾದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ 1937ರಲ್ಲಿ ಪಟ್ಟೆಯ ಹಿಮವಾಹನಕ್ಕೆ ಪೇಟೆಂಟ್ ಪಡೆದು, 1959ರಲ್ಲಿ ಸ್ಕೀ-ಡೂ ಎಂಬ ಚಿಕ್ಕ ವಾಹನ ತಂದರು. ಅದರ ಮೊದಲ ಮಾದರಿಗಳಲ್ಲಿ ರಬ್ಬರ್ ಪಟ್ಟೆಯೊಳಗೆ ಪುಟ್ಟ ಬೋಗಿ ಚಕ್ರಗಳಿದ್ದವು. ಮುಂದೆ ಅವುಗಳ ಜಾಗಕ್ಕೆ ಉದ್ದದ ಜಾರುಹಳಿಗಳು, ಮುಂದೊಂದು ಹಿಂದೊಂದು ತೋಳು, ತಿರುಚು ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಬಂದವು. ವೇಗ ಏರಿಸಿದಾಗ ಭಾರ ಹಿಂದಕ್ಕೆ ಸರಿಯುವುದನ್ನು ಆ ಎರಡು ತೋಳುಗಳ ಆಟವೇ ಹಿಡಿತದಲ್ಲಿಡುತ್ತದೆ. ಮೆತ್ತನೆಯ ಹಿಮದಲ್ಲಿ ಹೂಳದಂತೆ ಸವಾರನ ಭಾರವನ್ನು ಉದ್ದದ ಪಟ್ಟೆಗೆ ಹಂಚುವ ಆ ಜೋಡಣೆಯೂ, ಡಾಂಬರು ಕುಸಿಯದಂತೆ ಅದಿರಿನ ಭಾರವನ್ನು ಎರಡು ಅಚ್ಚಿಗೆ ಹಂಚುವ ಬೋಗಿಯೂ ಬಿಡಿಸುತ್ತಿರುವುದು ಒಂದೇ ಸಮಸ್ಯೆಯನ್ನು: ನೆಲ ತಾಳುವಷ್ಟೇ ಭಾರವನ್ನು ನೆಲಕ್ಕೆ ಕೊಡುವುದು.

ಕಂಪ್ಲಿಯ ಭತ್ತ, ಬಾಳೆ, ಕಬ್ಬಿನ ಸೀಮೆಯಲ್ಲಿ ಓಡುವ ಟ್ರ್ಯಾಕ್ಟರ್ ಇನ್ನೊಂದು ತುದಿ. ಅದರ ಹಿಂದಿನ ಅಚ್ಚು ನೇರ ಗೇರ್‌ಬಾಕ್ಸಿನ ದೇಹಕ್ಕೇ ಬಿಗಿದಿರುತ್ತದೆ. ದೊಡ್ಡ ಟೈರು ಮತ್ತು ಸೀಟಿನ ಸ್ಪ್ರಿಂಗ್ ಬಿಟ್ಟರೆ ಸಾಮಾನ್ಯ ಟ್ರ್ಯಾಕ್ಟರ್‌ನಲ್ಲಿ ಏಟು ತಗ್ಗಿಸುವುದು ಬೇರೇನಿಲ್ಲ. ಕೆಸರುಗದ್ದೆಯಲ್ಲಿ ನಿಧಾನ ನಡೆಯಲು ಅದು ಸರಿ. ಅದೇ ವಾಹನ ಟ್ರೈಲರ್ ತುಂಬ ಕಬ್ಬು ಎಳೆದು ಹೆದ್ದಾರಿಗೆ ಬಂದಾಗ ಕೊರತೆ ಎದ್ದು ಕಾಣುತ್ತದೆ.

ಸವೆತ, ಮುರಿತ, ದುರಸ್ತಿ

ಹೆಮಟೈಟ್‌ನ ಗಡಸುತನ ಮೋಸ್ ಮಾಪಕದಲ್ಲಿ ಐದೂವರೆಯಿಂದ ಆರೂವರೆ. ಅದರ ನುಣುಪು ಧೂಳು ಪಟ್ಟಿಗಳ ಸಂದಿಗೆ ಸೇರಿ, ಗ್ರೀಸ್ ಜೊತೆ ಬೆರೆತು ಉಜ್ಜುವ ಲೇಪವಾಗುತ್ತದೆ. ಶ್ಯಾಕಲ್ ಪಿನ್ನು, ಬುಷ್, ಪಟ್ಟಿಯ ತುದಿ ಎಲ್ಲವನ್ನೂ ಅದು ತೇಯುತ್ತದೆ. ಮಳೆ ಬಿದ್ದಾಗ ಅದೇ ಧೂಳು ತೇವ ಹಿಡಿದಿಟ್ಟುಕೊಂಡು ತುಕ್ಕಿಗೆ ದಾರಿ ಮಾಡುತ್ತದೆ.

ಪಟ್ಟಿ ಒಂದೇ ಏಟಿಗೆ ಮುರಿಯುವುದು ಅಪರೂಪ. ಮೊದಲು ಎಳೆತದ ಮೈಯಲ್ಲಿ ಕೂದಲೆಳೆಯ ಬಿರುಕು ಹುಟ್ಟಿ, ಸುತ್ತು ಸುತ್ತಿಗೂ ಬೆಳೆದು, ಉಳಿದ ಉಕ್ಕು ಹೊರಲಾರದಾದಾಗ ತುಂಡಾಗುತ್ತದೆ. ಸೆಂಟರ್ ಬೋಲ್ಟಿನ ತೂತು, ಯು-ಬೋಲ್ಟಿನ ಅಂಚು, ಪಟ್ಟಿಯ ಕಣ್ಣಿನ ಬುಡ ಇವು ಬಿರುಕಿನ ಮೆಚ್ಚಿನ ಜಾಗಗಳು. ಬೇರೆ ಊರುಗಳಲ್ಲಿ ಬಿರುಕನ್ನು ಅದರಿಂದ ಇಣುಕುವ ಕೆಂಪು ತುಕ್ಕಿನ ಗೆರೆಯಿಂದ ಗುರುತಿಸುತ್ತಾರೆ. ಸಂಡೂರು ಸೀಮೆಯಲ್ಲಿ ಇಡೀ ಲಾರಿಯ ಅಡಿಭಾಗವೇ ಅದೇ ಬಣ್ಣದಲ್ಲಿರುವುದರಿಂದ ಆ ಗುರುತು ಕಾಣದು. ನೀರು ಹಾಯಿಸಿ ತೊಳೆದು, ಒಣಗಲು ಬಿಟ್ಟು, ಆಮೇಲೆ ಟಾರ್ಚ್ ಹಿಡಿದು ನೋಡಿದರೆ ಮಾತ್ರ ಬಿರುಕು ಸಿಗುತ್ತದೆ. ಇಲ್ಲಿ ಲಾರಿ ತೊಳೆಯುವುದು ಅಂದಕ್ಕಿಂತ ಮೊದಲು ತಪಾಸಣೆಯ ಕೆಲಸ.

ಹೊಸಪೇಟೆ, ತೋರಣಗಲ್ಲು, ಸಂಡೂರುಗಳ ರಸ್ತೆಬದಿಯ ಗ್ಯಾರೇಜುಗಳಲ್ಲಿ ಕಟ್ಟು ಬಿಚ್ಚುವ ಕ್ರಮ ಹೀಗೆ: ಗಾಲಿಗೆ ಅಡ್ಡಕಲ್ಲು ಕೊಟ್ಟು, ಚಾಸಿಯನ್ನು ಜಾಕಿಯಿಂದ ಎತ್ತಿ ಮರದ ದಿಮ್ಮಿಗಳ ಮೇಲೆ ನಿಲ್ಲಿಸುತ್ತಾರೆ. ಯು-ಬೋಲ್ಟ್ ನಟ್ಟುಗಳಿಗೆ ಎಣ್ಣೆ ಬಿಟ್ಟು ಉದ್ದದ ಪೈಪ್ ಹಾಕಿದ ಪಾನಾದಿಂದ ಸಡಿಲಿಸುತ್ತಾರೆ. ಕಟ್ಟನ್ನು ಕೆಳಗಿಳಿಸಿ ಬಿಗಿದು ಹಿಡಿದುಕೊಂಡೇ ಸೆಂಟರ್ ಬೋಲ್ಟ್ ತೆಗೆಯುತ್ತಾರೆ. ಹಿಡಿತ ತಪ್ಪಿದರೆ ಕಮಾನಿನ ಬಿಗಿತಕ್ಕೆ ಪಟ್ಟಿ ಸಿಡಿದು ಕೈಕಾಲಿಗೆ ಬಡಿಯುತ್ತದೆ. ಒಂದೊಂದೇ ಪಟ್ಟಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಮುರಿದದ್ದನ್ನು ಬದಲಿಸಿ, ಗ್ರಾಫೈಟ್ ಗ್ರೀಸ್ ಸವರಿ, ಉದ್ದದ ಕ್ರಮದಲ್ಲಿ ಮತ್ತೆ ಜೋಡಿಸುತ್ತಾರೆ. ಬಳಿಕ ಯು-ಬೋಲ್ಟನ್ನು ನಾಲ್ಕೂ ಮೂಲೆಗೆ ಸಮನಾಗಿ ಬಿಗಿಯಬೇಕು. ಒಂದೆರಡು ಟ್ರಿಪ್ ಹೊರೆ ಹೊತ್ತ ಮೇಲೆ ಮತ್ತೊಮ್ಮೆ ಬಿಗಿಯಲೇಬೇಕು. ಈ ಎರಡನೆಯ ಬಿಗಿತ ತಪ್ಪಿದರೆ ಪಟ್ಟಿಗಳು ಅಲುಗಾಡಿ ಸೆಂಟರ್ ಬೋಲ್ಟ್ ಕತ್ತರಿಸಿ ಅಚ್ಚು ಜರುಗುತ್ತದೆ, ಲಾರಿ ಅಡ್ಡಡ್ಡ ಓಡತೊಡಗುತ್ತದೆ.

ಮಾಡಬಾರದ ದುರಸ್ತಿಗಳೂ ಇವೆ. ಮುರಿದ ಪಟ್ಟಿಗೆ ವೆಲ್ಡಿಂಗ್ ಹಾಕುವುದು, ಕುಸಿದ ಕಮಾನನ್ನು ಗ್ಯಾಸ್ ಉರಿಯಲ್ಲಿ ಕಾಯಿಸಿ ಎತ್ತುವುದು ಉಕ್ಕಿನ ಹದವನ್ನು ಕೆಡಿಸುತ್ತವೆ. ಸುತ್ತಿಗೆಯ ಚೂಪು ಏಟಿನ ಗುರುತುಗಳೇ ಮುಂದಿನ ಬಿರುಕಿನ ಬೀಜವಾಗುತ್ತವೆ.

ಅತಿಭಾರ ಮತ್ತು ರಸ್ತೆ

2000ದ ದಶಕದಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಸಂಡೂರು, ಹೊಸಪೇಟೆಗಳಿಂದ ಬೇಲೆಕೇರಿ, ಕಾರವಾರ, ಮಂಗಳೂರು ಬಂದರುಗಳತ್ತ ಲಾರಿಗಳ ಸಾಲು ಹರಿಯಿತು. ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಲೋಕಾಯುಕ್ತರಾಗಿ 2008ರಲ್ಲೂ 27 ಜುಲೈ 2011ರಂದೂ ಸಲ್ಲಿಸಿದ ವರದಿಗಳು ಅಕ್ರಮ ಗಣಿಗಾರಿಕೆಯ ಜೊತೆಗೆ ಲಾರಿಗಳ ಅತಿಭಾರವನ್ನೂ ದಾಖಲಿಸಿದವು. ಸುಪ್ರೀಂ ಕೋರ್ಟ್ 29 ಜುಲೈ 2011ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 18 ಏಪ್ರಿಲ್ 2013ರ ತೀರ್ಪಿನ ಬಳಿಕ ಉತ್ಪಾದನೆಗೆ ಮಿತಿ ಹಾಕಿ ಹಂತ ಹಂತವಾಗಿ ಅವಕಾಶ ಸಿಕ್ಕಿತು. ಈಗ ಗಣಿಯಿಂದ ಹೊರಡುವ ಲಾರಿಗೆ ವೇ ಬ್ರಿಡ್ಜ್ ಚೀಟಿ, ಆನ್‌ಲೈನ್ ಪರ್ಮಿಟ್, ಜಿಪಿಎಸ್ ಇವೆ.

ಅತಿಭಾರದ ದಿನಗಳಲ್ಲಿ ಹಿಂಬದಿ ಕಟ್ಟಿಗೆ ಹೆಚ್ಚುವರಿ ಪಟ್ಟಿ ಸೇರಿಸುವುದು ರೂಢಿಯಾಗಿತ್ತು. ಪಟ್ಟಿ ಸೇರಿಸಿದರೆ ಲಾರಿಯ ಶಕ್ತಿ ಹೆಚ್ಚಿತೆಂದು ನಂಬುವುದು ದೊಡ್ಡ ತಪ್ಪು. ಸ್ಪ್ರಿಂಗ್ ಕುಸಿಯದಂತೆ ಕಾಣುತ್ತದೆ ನಿಜ. ಹೌಸಿಂಗ್, ಹಬ್ ಬೇರಿಂಗ್, ಟೈರು, ಬ್ರೇಕ್ ಡ್ರಮ್ಮು ಇದ್ದಷ್ಟೇ ಇರುತ್ತವೆ. ಬಿಗಿಯಾದ ಕಟ್ಟು ಗುಂಡಿಯ ಏಟನ್ನು ಹೀರದೆ ಚಾಸಿಗೂ ರಸ್ತೆಗೂ ಹಾಗೇ ದಾಟಿಸುತ್ತದೆ. ಕುಸಿದ ಕಮಾನು ಎಚ್ಚರಿಸುತ್ತಿತ್ತು. ಪಟ್ಟಿ ಸೇರಿಸಿ ಆ ಎಚ್ಚರಿಕೆಯ ಬಾಯಿಯನ್ನೇ ಮುಚ್ಚಿದಂತಾಗುತ್ತದೆ.

ರಸ್ತೆಗಾಗುವ ಹಾನಿ ಹೊರೆಯ ಏರಿಕೆಯಷ್ಟೇ ಏರುವುದಿಲ್ಲ. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಯಿಂದ ತಿಳಿದುಬಂದಂತೆ, ಹಾನಿ ಅಚ್ಚಿನ ಹೊರೆಯ ಸರಿಸುಮಾರು ನಾಲ್ಕನೇ ಘಾತಕ್ಕೆ ತಕ್ಕಂತೆ ಬೆಳೆಯುತ್ತದೆ. ಹೊರೆ ಕಾಲುಪಾಲು ಹೆಚ್ಚಾದರೆ ಹಾನಿ ಎರಡೂವರೆ ಪಟ್ಟು ಸಮೀಪ. ಅರ್ಧಪಾಲು ಹೆಚ್ಚಾದರೆ ಐದು ಪಟ್ಟು. ಎರಡರಷ್ಟಾದರೆ ಹದಿನಾರು ಪಟ್ಟು. ಸ್ಪ್ರಿಂಗ್ ಬಿಗಿಯಾಗಿ ಗಾಲಿ ಕುಪ್ಪಳಿಸಿದರೆ ಒಂದೊಂದು ಕ್ಷಣದ ಒತ್ತಡ ಇನ್ನೂ ಮೇಲೇರಿ, ಗುಂಡಿ ಇದ್ದಲ್ಲೇ ಗುಂಡಿ ಬೆಳೆಯುತ್ತದೆ. ಯುರೋಪಿನ ನಿಯಮಗಳು ಇದನ್ನು ಗಮನಿಸಿ, ಗಾಳಿ ಸ್ಪ್ರಿಂಗ್ ಅಥವಾ ಅದಕ್ಕೆ ಸಮನಾದ ಮೃದು ಸಸ್ಪೆನ್ಷನ್ ಇದ್ದರೆ ಅಚ್ಚಿಗೆ ಹೆಚ್ಚು ಹೊರೆಯ ಅವಕಾಶ ಕೊಟ್ಟಿವೆ. ಸಮನೆನಿಸಿಕೊಳ್ಳಲು ಆಟ ಸೆಕೆಂಡಿಗೆ ಎರಡು ಸಲವನ್ನು ಮೀರಬಾರದು.

ಭಾರತದಲ್ಲಿ 2018ರ ಜುಲೈ ಅಧಿಸೂಚನೆ ನಾಲ್ಕು ಟೈರಿನ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5ಕ್ಕೂ ಜೋಡಿ ಅಚ್ಚಿನದನ್ನು 19ರಿಂದ 21ಕ್ಕೂ ಏರಿಸಿತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿ ಅತಿಭಾರಕ್ಕೆ 20,000 ರೂಪಾಯಿ ದಂಡವನ್ನೂ ಹೆಚ್ಚುವರಿ ಟನ್ನೊಂದಕ್ಕೆ 2,000 ರೂಪಾಯಿಯನ್ನೂ ಗೊತ್ತುಮಾಡಿದೆ.

ಭಾರಿ ವಾಹನಗಳ ಅದುರುವಿಕೆ ಈ ಸೀಮೆಯಲ್ಲಿ ಇನ್ನೊಂದು ಕಾರಣಕ್ಕೂ ಮುಖ್ಯ. ಹಂಪಿ 1986ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಆನೆಗೊಂದಿಯ ಕಡೆಗಿನ ಸೇತುವೆ ಕಾಮಗಾರಿಯ ಕಾರಣ 1999ರಿಂದ 2006ರವರೆಗೆ ಅಪಾಯದ ಪಟ್ಟಿಯಲ್ಲೂ ಇತ್ತು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ನಿಲ್ಲಿಸಿದ ಮಂಟಪ, ಕೋಟೆಗೋಡೆಗಳ ಪಕ್ಕದಲ್ಲಿ ಬಿಗಿ ಸ್ಪ್ರಿಂಗಿನ ಭಾರಿ ಲಾರಿ ಓಡುವುದು ಯಾವ ದೃಷ್ಟಿಯಿಂದಲೂ ಒಪ್ಪತಕ್ಕದ್ದಲ್ಲ.

ಚಾಲಕನ ದೇಹ

ಕೂತ ಮನುಷ್ಯನ ಬೆನ್ನೆಲುಬಿಗೆ ಅತಿ ಹೆಚ್ಚು ತಟ್ಟುವುದು ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ಅದುರುವಿಕೆ ಎಂದು ಅಂತರರಾಷ್ಟ್ರೀಯ ಮಾನಕ ಐಎಸ್‌ಒ 2631 ಗುರುತಿಸುತ್ತದೆ. ಬರಿಗಾಡಿಯ ಬಿಗಿ ಸ್ಪ್ರಿಂಗ್ ಆ ವಲಯದ ಬಾಗಿಲಲ್ಲೇ ಆಡುತ್ತದೆ. ಅದಿರು ಲಾರಿಯ ಚಾಲಕ ದಿನದ ಅರ್ಧ ದಾರಿಯನ್ನು ಬರಿಗಾಡಿಯಲ್ಲೇ ಓಡಿಸುತ್ತಾನೆ. ಸೊಂಟನೋವನ್ನು ಈ ವೃತ್ತಿಯ ಹಣೆಬರಹವೆಂದು ಒಪ್ಪಿಕೊಳ್ಳಬೇಕಾಗಿಲ್ಲ. ಸರಿಯಾದ ಸಂದು ಬಿಟ್ಟ ಹೆಲ್ಪರ್, ಸಲೀಸಾಗಿ ಆಡುವ ಶ್ಯಾಕಲ್, ತೂಗುವ ಕ್ಯಾಬಿನ್, ಗಾಳಿ ಸ್ಪ್ರಿಂಗಿನ ಸೀಟು ಇವು ಆ ಏಟನ್ನು ಬಹಳಷ್ಟು ತಗ್ಗಿಸುತ್ತವೆ.

ಬೇರೆ ಸಾಗಣೆ ಮಾರ್ಗಗಳು

ರೈಲಿನ ಅದಿರು ವ್ಯಾಗನ್‌ನಲ್ಲಿ ಒಂದರೊಳಗೊಂದು ಕೂತ ಸುರುಳಿ ಸ್ಪ್ರಿಂಗುಗಳೂ ಅವುಗಳ ಪಕ್ಕದಲ್ಲಿ ಉಜ್ಜಿ ಆಟ ತಣಿಸುವ ಬೆಣೆಗಳೂ ಇರುತ್ತವೆ. ಹಳಿ ನುಣುಪಾಗಿರುವುದರಿಂದ ಅಷ್ಟೇ ಸಾಕು. ಸಂಡೂರು ಬೆಟ್ಟಗಳಿಂದ ತೋರಣಗಲ್ಲಿನ ಕಾರ್ಖಾನೆಗೆ ಇಪ್ಪತ್ತು ಕಿಲೋಮೀಟರಿಗೂ ಉದ್ದದ ಪೈಪ್ ಕನ್ವೇಯರ್ ಹಾಕಲಾಗಿದೆ. ಅದಿರನ್ನು ರಬ್ಬರ್ ಪಟ್ಟಿಯೇ ಸುತ್ತಿ ಮುಚ್ಚಿಕೊಂಡು ಒಯ್ಯುವುದರಿಂದ ಧೂಳೂ ಕಡಿಮೆ, ಲಾರಿಯ ಓಡಾಟವೂ ಕಡಿಮೆ. ಆದರೂ ಎಲ್ಲ ಗಣಿಗೂ ಕನ್ವೇಯರ್ ತಲುಪುವುದಿಲ್ಲ. ಚಿಕ್ಕ ಗಣಿಗಳಿಗೂ ಸೈಡಿಂಗಿನವರೆಗಿನ ಕೊನೆಯ ಕೆಲವು ಮೈಲಿಗಳಿಗೂ ಟಿಪ್ಪರ್ ಬೇಕೇ ಬೇಕು.

ಹಾಗಿರುವಾಗ ಉಳಿಯುವ ದಾರಿ ಸ್ಪಷ್ಟ. ಹೊರೆಯನ್ನು ತುಂಬುವ ಜಾಗದಲ್ಲೇ ತೂಗಬೇಕು. ಗೇಟಿನ ವೇ ಬ್ರಿಡ್ಜ್‌ವರೆಗೆ ಕಾಯುವುದು ತಡ. ವಾಹನದ ಫಿಟ್‌ನೆಸ್ ತಪಾಸಣೆಯಲ್ಲಿ ಹಿಂಬದಿ ಕಟ್ಟಿನ ಪಟ್ಟಿಗಳನ್ನು ಎಣಿಸಿ, ದಪ್ಪ ಅಳೆದು, ತಯಾರಕರ ಅಳತೆಗೆ ಹೋಲಿಸಬೇಕು. ಟಾರ್ಕ್ ರಾಡಿನ ಬುಷ್ ಬದಲಿಸುವ ಖರ್ಚು ಒಂದು ಜೋಡಿ ಟೈರಿನ ಮುಂದೆ ಏನೂ ಅಲ್ಲವೆಂದು ಮಾಲೀಕರಿಗೆ ಮನವರಿಕೆಯಾಗಬೇಕು. ವಾಹನದ ನೋಂದಣಿ ಪತ್ರದಲ್ಲಿ (ಆರ್‌ಸಿ) ಅಚ್ಚಿನ ತೂಕವೆಂದು ಬರೆದ ಅಂಕಿ ಸ್ಪ್ರಿಂಗ್, ಹೌಸಿಂಗ್, ಟೈರು, ಬ್ರೇಕು, ರಸ್ತೆ ಐದೂ ಸೇರಿ ಹೊರಬಲ್ಲ ಭಾರ. ಪಟ್ಟಿ ಎಷ್ಟು ಸೇರಿಸಿದರೂ ಆ ಅಂಕಿ ಬದಲಾಗುವುದಿಲ್ಲ.